ಮರಿಯಾ ಕಲ್ಲಾಸ್ ಹಾಡಿದ ಪೂರ್ತಿ ಒಪೆರಾದ ವಿಡಿಯೊ ಇದೆಯಾ?

ಪ್ರಶ್ನೆ: ಒಪೆರಾ ಗಾಯಕಿ ಮರಿಯಾ ಕಲ್ಲಾಸ್ ಬಗ್ಗೆ ಏಂಜಲೀನಾ ಜೋಲಿ ನಟಿಸಿದ 2024ರ ಸಿನಿಮಾ ನೋಡಿದ ಮೇಲೆ ನಿಜವಾದ ಕಲ್ಲಾಸ್ ಅವರನ್ನೇ ನೋಡಬೇಕು ಅನ್ನಿಸಿದೆ. ಅವರ ಒಂದಾದರೂ ಪೂರ್ತಿ ಒಪೆರಾ (ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ಸಂಗೀತ ನಾಟಕ) ವಿಡಿಯೊದಲ್ಲಿ ಸಿಗುತ್ತಾ?

ಸಿಗಲ್ಲ. ಕೇಳುವುದಕ್ಕಾದರೆ ಬೇಕಾದಷ್ಟು ರೆಕಾರ್ಡಿಂಗ್ ಇವೆ. ನೋಡುವುದಕ್ಕೆ ಮಾತ್ರ ತುಣುಕುಗಳೇ ಗತಿ. ಅವರ ಗಂಟಲು ಒಳ್ಳೆಯ ಹದದಲ್ಲಿದ್ದದ್ದು 1950ರ ದಶಕದಲ್ಲಿ. ಥಿಯೇಟರಿಗೆ ಕ್ಯಾಮೆರಾ ಹೊತ್ತೊಯ್ದು ಇಡೀ ಒಪೆರಾ ಚಿತ್ರೀಕರಿಸುವುದು ಆಗ ಅಪರೂಪ. 1956ರಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮ ಎಡ್ ಸಲಿವನ್ ಶೋಗೆ ಬಂದಾಗಲೂ ಅವರು ಹಾಡಿದ್ದು ಇಟಲಿಯ ಸಂಗೀತಗಾರ ಪುಚ್ಚೀನಿ ರಚಿಸಿದ 'ಟೋಸ್ಕಾ' ಒಪೆರಾದ ಒಂದು ತುಣುಕು ಅಷ್ಟೇ. 1965ರ ನಂತರ ಅವರು ಒಪೆರಾ ವೇದಿಕೆ ಹತ್ತಲೇ ಇಲ್ಲ.

ಹಾಗಂತ ನಿರಾಸೆ ಬೇಡ. 'ಟೋಸ್ಕಾ'ದ ಎರಡನೇ ಅಂಕವನ್ನು ಟಿವಿಯವರು ಪೂರ್ತಿ ಹಿಡಿದಿಟ್ಟಿದ್ದಾರೆ, ಅದೂ ಎರಡು ಸಲ: 1958ರ ಡಿಸೆಂಬರ್‌ನಲ್ಲಿ ಪ್ಯಾರಿಸ್ಸಿನಲ್ಲಿ, 1964ರ ಫೆಬ್ರುವರಿಯಲ್ಲಿ ಲಂಡನ್ನಿನ ಒಪೆರಾ ಥಿಯೇಟರ್ ಕಾವೆಂಟ್ ಗಾರ್ಡನ್‌ನಲ್ಲಿ. ಎರಡರಲ್ಲೂ ಖಳ ಸ್ಕಾರ್ಪಿಯಾ ಆಗಿರುವವರು ಇಟಲಿಯ ಗಾಯಕ ಟಿಟೊ ಗೊಬ್ಬಿ. ದನಿಗೆ ಪ್ಯಾರಿಸ್ಸಿನದೇ ಮೇಲು. ಆದರೂ ನಾನು ಮೊದಲು ನೋಡಿ ಅನ್ನುವುದು 1964ರದ್ದನ್ನು. ಕಪ್ಪು-ಬಿಳುಪು, ಮೇಲಿನ ಸ್ವರಗಳಲ್ಲಿ ಗಂಟಲು ಅಲ್ಲಲ್ಲಿ ಒರಟು, ಎಲ್ಲ ನಿಜ. ಆದರೆ ಆ ನಟನೆ!

ಕಥೆ ಇಷ್ಟು. ಕಲ್ಲಾಸ್ ಅವರದ್ದು ನಾಯಕಿ ಟೋಸ್ಕಾಳ ಪಾತ್ರ. ಅವಳ ಪ್ರಿಯಕರ ಪೊಲೀಸ್ ಅಧಿಕಾರಿ ಸ್ಕಾರ್ಪಿಯಾನ ಸೆರೆಯಲ್ಲಿದ್ದಾನೆ. ಅವನ ಪ್ರಾಣ ಉಳಿಯಬೇಕಾದರೆ ನೀನು ನನ್ನವಳಾಗು ಅಂತಾನೆ ಸ್ಕಾರ್ಪಿಯಾ. ಬೇರೆ ದಾರಿ ಕಾಣದೆ ಅವಳು ಒಪ್ಪುತ್ತಾಳೆ. ಊರು ಬಿಟ್ಟು ಹೋಗಲು ರಹದಾರಿ ಬರೆದುಕೊಡು ಅಂತ ಕೇಳುತ್ತಾಳೆ. ಅವನು ಬರೆಯಲು ಕೂರುತ್ತಾನೆ, ಅವಳು ವೈನ್ ಲೋಟ ತೆಗೆದುಕೊಳ್ಳಲು ಊಟದ ಮೇಜಿಗೆ ಹೋಗುತ್ತಾಳೆ. ಅಲ್ಲಿ ಚಾಕು ಕಣ್ಣಿಗೆ ಬೀಳುತ್ತದೆ. ಹಾಡಲು ಅಲ್ಲಿ ಒಂದು ಸ್ವರವೂ ಇಲ್ಲ, ವಾದ್ಯಗಳಷ್ಟೇ. ಕಲ್ಲಾಸ್ ಅವರ ಕಣ್ಣನ್ನೇ ನೋಡುತ್ತಿರಿ. ಕೊಲ್ಲುವ ಯೋಚನೆ ಅವಳಿಗೆ ಆ ಗಳಿಗೆಯಲ್ಲೇ ಹೊಳೆಯಿತು ಅಂತ ನಂಬಿಬಿಡುತ್ತೀರಿ. ಇಟಾಲಿಯನ್ ಬರದಿದ್ದರೂ ಪರವಾಗಿಲ್ಲ.

ಕಲ್ಲಾಸ್ ಸಿನಿಮಾದಲ್ಲೂ ನಟಿಸಿದ್ದಾರೆ, ಇಟಲಿಯ ನಿರ್ದೇಶಕ ಪಸೋಲಿನಿಯ 'ಮೆಡೇಯಾ' (1969). ಆದರೆ ಅದರಲ್ಲಿ ಅವರು ಹಾಡಲ್ಲ. ಹಾಡು ಬೇಕೆಂದರೆ 1959 ಮತ್ತು 1962ರ ಹ್ಯಾಂಬರ್ಗ್ ಕಛೇರಿಗಳನ್ನು ಹುಡುಕಿ. ವೇಷವಿಲ್ಲ, ರಂಗಸಜ್ಜಿಕೆಯಿಲ್ಲ, ಸುಮ್ನೆ ನಿಂತು ಹಾಡುತ್ತಾರೆ. ಪ್ರತಿ ಹಾಡಿಗೂ ಮೊದಲು ವಾದ್ಯಗಳು ನುಡಿಯುವಾಗಲೇ ಅವರ ಮುಖದಲ್ಲಿ ಪಾತ್ರ ಬಂದು ಕೂತಿರುತ್ತದೆ. ಆ ಭಾಗವನ್ನು ಮಾತ್ರ ಓಡಿಸಬೇಡಿ.