ಎಲ್ಲಿ ನಿಂತಿತು ಅಂತ ಮೊದಲು ನೋಡಿ

ವಿಂಡೋಸ್ ಅಥವಾ ಲಿನಕ್ಸ್ ಇನ್‌ಸ್ಟಾಲ್ ಆದ ಮೇಲೆ ಕಂಪ್ಯೂಟರ್ ಬೂಟ್ ಆಗುತ್ತಿಲ್ಲ ಎಂದು ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಅಷ್ಟರಲ್ಲಿ ಎರಡು ಮೂರು ಸಲ ಮತ್ತೆ ಇನ್‌ಸ್ಟಾಲ್ ಮಾಡಿ ನೋಡಿರುತ್ತಾರೆ. ಪ್ರತಿ ಸಲವೂ ಫಾರ್ಮ್ಯಾಟ್. ಪ್ರತಿ ಸಲವೂ ಅದೇ ಕಪ್ಪು ಪರದೆ. ಅದರಲ್ಲಿ ಏನು ಬರೆದಿತ್ತು ಎಂದು ಕೇಳಿದರೆ ಮಾತ್ರ ನೆನಪಿರುವುದಿಲ್ಲ. ನನಗೆ ಬೇಕಾಗಿರುವುದು ಆ ಒಂದು ಸಾಲು. ದಯವಿಟ್ಟು ಆಫ್ ಮಾಡುವ ಮೊದಲು ಮೊಬೈಲ್‌ನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ.

ಯಾಕೆ ಅಂದರೆ, ಬೂಟ್ ಆಗುವುದು ಕೈಯಿಂದ ಕೈಗೆ ದಾಟುವ ಕೆಲಸ. ಪವರ್ ಬಟನ್ ಒತ್ತಿದ ಕೂಡಲೇ ಎದ್ದೇಳುವುದು ಮದರ್‌ಬೋರ್ಡ್‌ನಲ್ಲಿರುವ ಫರ್ಮ್‌ವೇರ್, ಅಂದರೆ ಅದರಲ್ಲೇ ಕೂತಿರುವ ಮೂಲ ಪ್ರೋಗ್ರಾಂ. ಹಳೆಯ ಮಷಿನ್ ಆದರೆ ಬಯೋಸ್, ಈಗಿನದಾದರೆ ಯುಇಎಫ್‌ಐ. ಅದು ರ‍್ಯಾಮ್, ಡಿಸ್ಕ್ ಎಲ್ಲ ಇದೆಯಾ ಎಂದು ನೋಡಿಕೊಂಡು ಬೂಟ್‌ಲೋಡರ್ ಹುಡುಕುತ್ತದೆ. ಬೂಟ್‌ಲೋಡರ್ ವಿಂಡೋಸ್ ಅಥವಾ ಲಿನಕ್ಸ್‌ನ ತಿರುಳಾದ ಕರ್ನಲ್ ಅನ್ನು ಎಬ್ಬಿಸುತ್ತದೆ. ಉಳಿದದ್ದು ಕರ್ನಲ್ ಕೆಲಸ. ಯಾರ ಕೈಯಲ್ಲಿ ನಿಂತಿತು ಎಂದು ಗೊತ್ತಾದರೆ ಹುಡುಕಬೇಕಾದ ಜಾಗ ತುಂಬಾ ಚಿಕ್ಕದಾಗುತ್ತದೆ. ಲೋಗೊ ಕೂಡ ಬರದೆ ಬೀಪ್ ಹೊಡೆದರೆ ಅದು ಹಾರ್ಡ್‌ವೇರ್ ತೊಂದರೆ, ನೂರು ಸಲ ಇನ್‌ಸ್ಟಾಲ್ ಮಾಡಿದರೂ ಹೋಗುವುದಿಲ್ಲ. ಲೋಗೊ ಬಂದು 'ನೋ ಬೂಟಬಲ್ ಡಿವೈಸ್' ಎಂದರೆ ಫರ್ಮ್‌ವೇರ್‌ಗೆ ಬೂಟ್‌ಲೋಡರ್ ಸಿಕ್ಕಿಲ್ಲ. 'ಗ್ರಬ್ ರೆಸ್ಕ್ಯೂ' ಎಂದು ಬಂದರೆ ಲಿನಕ್ಸ್‌ನ ಬೂಟ್‌ಲೋಡರ್ ಆದ ಗ್ರಬ್ ಸಿಕ್ಕಿದೆ, ಅದಕ್ಕೆ ತನ್ನ ಉಳಿದ ಫೈಲುಗಳು ಸಿಕ್ಕಿಲ್ಲ. ವಿಂಡೋಸ್ ಲೋಗೊ ತಿರುಗಿ, ಆಮೇಲೆ ನೀಲಿ ಪರದೆಯಲ್ಲಿ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂದರೆ ಕರ್ನಲ್ ಎದ್ದಿದೆ, ಡಿಸ್ಕ್ ಮಾತ್ರ ಅದರ ಕೈಗೆ ಎಟುಕುತ್ತಿಲ್ಲ. ಈ ಮೂರು ಸಂದೇಶಗಳಿಗೂ ಮದ್ದು ಬೇರೆ ಬೇರೆ.

ನಾನು ಜಾಸ್ತಿ ನೋಡುವುದು 'ನೋ ಬೂಟಬಲ್ ಡಿವೈಸ್' ಎಂಬುದನ್ನು. ಅದರ ಹಿಂದೆ ಹೆಚ್ಚಾಗಿ ಇರುವುದು ಮೋಡ್ ಗೊಂದಲ. ಬಯೋಸ್ ಕಾಲದ ಹಳೆಯ ಲೆಗಸಿ ಪದ್ಧತಿಯಲ್ಲಿ ಫರ್ಮ್‌ವೇರ್ ಡಿಸ್ಕಿನ ಮೊದಲ 512 ಬೈಟ್ ಓದಿ, ಅಲ್ಲಿರುವ ಪುಟ್ಟ ಪ್ರೋಗ್ರಾಂ ಅನ್ನು ಓಡಿಸುತ್ತದೆ. ಆ ತುಣುಕಿಗೆ ಎಂಬಿಆರ್ ಎನ್ನುತ್ತೇವೆ, ಡಿಸ್ಕ್ ಹೇಗೆ ಭಾಗವಾಗಿದೆ ಎಂಬ ಲೆಕ್ಕವೂ ಅದರಲ್ಲೇ ಇರುತ್ತದೆ. ಯುಇಎಫ್‌ಐ ಹಾಗಲ್ಲ. ಅದು ಫ್ಯಾಟ್32 ಎಂಬ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿರುವ ಒಂದು ಸಣ್ಣ ಪಾರ್ಟಿಷನ್ (ಡಿಸ್ಕಿನ ಭಾಗ) ಹುಡುಕಿ, ಅದರೊಳಗಿನ ಫೈಲನ್ನು ತೆರೆಯುತ್ತದೆ. ಇಎಫ್‌ಐ ಪಾರ್ಟಿಷನ್ ಎನ್ನುವುದು ಅದಕ್ಕೇ. ಇದರ ಜೊತೆ ಡಿಸ್ಕಿನ ಲೆಕ್ಕ ಇಡಲು ಸಾಮಾನ್ಯವಾಗಿ ಜಿಪಿಟಿ ಎಂಬ ಹೊಸ ಪದ್ಧತಿ ಬಳಸುತ್ತಾರೆ. ಎಂಬಿಆರ್‌ನಲ್ಲಿ ಪ್ರೈಮರಿ ಪಾರ್ಟಿಷನ್ 4 ಮಾತ್ರ, ಡಿಸ್ಕ್ ಸುಮಾರು 2 ಟಿಬಿ ದಾಟಿದರೆ ಅದಕ್ಕೆ ಲೆಕ್ಕ ಸಿಗುವುದಿಲ್ಲ. ಜಿಪಿಟಿಗೆ ಈ ತಾಪತ್ರಯ ಇಲ್ಲ.

ಇನ್‌ಸ್ಟಾಲರ್ ತಾನು ಯಾವ ಮೋಡ್‌ನಲ್ಲಿ ಎದ್ದಿತೋ ಅದೇ ಮೋಡ್‌ಗೆ ತಕ್ಕಂತೆ ಸಿಸ್ಟಮ್ ಕೂರಿಸುತ್ತದೆ. ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಬೂಟ್ ಮೆನು ತೆರೆದಾಗ ಕೆಲವು ಮಷಿನ್‌ಗಳಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುತ್ತದೆ. ಒಂದರ ಮುಂದೆ ಯುಇಎಫ್‌ಐ ಎಂದಿರುತ್ತದೆ, ಇನ್ನೊಂದರ ಮುಂದೆ ಏನೂ ಇರುವುದಿಲ್ಲ. ಯಾವುದಾದರೇನು ಎಂದು ಸುಮ್ನೆ ಒಂದನ್ನು ಒತ್ತಿದರೆ ಗೊಂದಲ ಅಲ್ಲೇ ಶುರು. ಲೆಗಸಿಯಲ್ಲಿ ಎದ್ದು ಲೆಗಸಿಯಂತೆಯೇ ಇನ್‌ಸ್ಟಾಲ್ ಆಗುತ್ತದೆ, ರೀಸ್ಟಾರ್ಟ್ ಆದಾಗ ಫರ್ಮ್‌ವೇರ್ ಮಾತ್ರ ಯುಇಎಫ್‌ಐ ಫೈಲು ಹುಡುಕುತ್ತದೆ. ಸಿಗುವುದಾದರೂ ಹೇಗೆ, ಅಲ್ವಾ? ಲಿನಕ್ಸ್ ಹಾಕುವವರು ಲೈವ್ ಸೆಷನ್‌ನಲ್ಲೇ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್) ಟರ್ಮಿನಲ್ ತೆರೆದು, ಸಿಸ್ ಫೋಲ್ಡರ್ ಒಳಗಿನ ಫರ್ಮ್‌ವೇರ್ ಫೋಲ್ಡರ್‌ನಲ್ಲಿ ಇಎಫ್‌ಐ ಎಂಬುದು ಇದೆಯಾ ನೋಡಿ. ಇದ್ದರೆ ಯುಇಎಫ್‌ಐ, ಇಲ್ಲದಿದ್ದರೆ ಲೆಗಸಿ. ವಿಂಡೋಸ್ ಇನ್‌ಸ್ಟಾಲರ್ ತಾನಾಗಿಯೇ ತಡೆಯುತ್ತದೆ. ಯುಇಎಫ್‌ಐನಲ್ಲಿ ಎದ್ದಿದ್ದು ಡಿಸ್ಕ್ ಎಂಬಿಆರ್ ಆಗಿದ್ದರೆ ಇದರಲ್ಲಿ ಹಾಕಲಾಗದು ಎಂದು ನೇರವಾಗಿ ಹೇಳುತ್ತದೆ.

ಆ ಸಂದೇಶ ಬಂದಾಗ ಹೆಚ್ಚಿನವರು ಎಲ್ಲೋ ನೋಡಿದಂತೆ ಡಿಸ್ಕ್‌ಪಾರ್ಟ್ ಎಂಬ ವಿಂಡೋಸ್‌ನ ಡಿಸ್ಕ್ ಟೂಲ್ ತೆರೆದು 'ಕ್ಲೀನ್' ಎಂದು ಹೊಡೆಯುತ್ತಾರೆ. ಇಲ್ಲಿ ನಿಲ್ಲಿ. 'ಕ್ಲೀನ್' ಒಂದು ಮಾತೂ ಕೇಳದೆ ಆ ಡಿಸ್ಕಿನ ಎಲ್ಲ ಪಾರ್ಟಿಷನ್‌ಗಳನ್ನೂ ಅಳಿಸುತ್ತದೆ. ಖಚಿತವೇ, ಹೌದೇ, ಅಲ್ಲವೇ ಎನ್ನುವ ಪ್ರಶ್ನೆಯೇ ಇಲ್ಲ. ಡಿಸ್ಕ್ 0 ಬದಲು ಡಿಸ್ಕ್ 1 ಆರಿಸಿ, ಹತ್ತು ವರ್ಷದ ಮನೆಯ ಫೋಟೊಗಳನ್ನು ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಮೊದಲು 'ಲಿಸ್ಟ್ ಡಿಸ್ಕ್' ಕೊಟ್ಟು ಸೈಜ್ ಓದಿ. ಬಲಗಡೆ ಜಿಪಿಟಿ ಎಂಬ ಕಾಲಮ್‌ನ ಕೆಳಗೆ ನಕ್ಷತ್ರದ ಗುರುತು ಇದ್ದರೆ ಆ ಡಿಸ್ಕ್ ಅದಾಗಲೇ ಜಿಪಿಟಿ, ಅಳಿಸುವ ಅಗತ್ಯವೇ ಇಲ್ಲ.

ಹೋದ ಸಲ ಒಬ್ಬರು ತಂದ ಡೆಸ್ಕ್‌ಟಾಪ್ ಬಗ್ಗೆ ಹೇಳಲೇಬೇಕು. ಹಳೆಯ ಹಾರ್ಡ್‌ಡಿಸ್ಕ್ ಇದ್ದಂತೆಯೇ ಹೊಸ ಎಸ್‌ಎಸ್‌ಡಿ ಸೇರಿಸಿ ಅದರಲ್ಲಿ ವಿಂಡೋಸ್ ಹಾಕಿದ್ದರು. ಎರಡು ವಾರ ಚೆನ್ನಾಗಿ ನಡೆಯಿತು. ಹಾರ್ಡ್‌ಡಿಸ್ಕ್ ಇನ್ನು ಬೇಡ ಎಂದು ಕಳಚಿದರು. ಅವತ್ತಿನಿಂದ 'ನೋ ಬೂಟಬಲ್ ಡಿವೈಸ್'. ಎಸ್‌ಎಸ್‌ಡಿಯೇ ಕೆಟ್ಟಿತು ಎಂದು ಬೇಸರದಲ್ಲಿ ಬಂದಿದ್ದರು.

ನಾನು ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಎಬ್ಬಿಸಿ, ಮೊದಲ ಪರದೆಯಲ್ಲೇ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದೆ. ಕಪ್ಪು ಕಮಾಂಡ್ ಕಿಟಕಿ ತೆರೆಯಿತು. ಡಿಸ್ಕ್‌ಪಾರ್ಟ್‌ನಲ್ಲಿ 'ಲಿಸ್ಟ್ ವಾಲ್ಯೂಮ್' ಕೊಟ್ಟೆ. ವಿಂಡೋಸ್ ಇದ್ದ ಭಾಗ ಅಲ್ಲೇ ಇತ್ತು, ಫೈಲುಗಳೂ ಇದ್ದವು. ಅದರ ಅಕ್ಷರ ಸಿ ಅಲ್ಲ, ಡಿ ಎಂದು ತೋರಿಸುತ್ತಿತ್ತು. ಇನ್‌ಸ್ಟಾಲರ್ ಒಳಗೆ ಅಕ್ಷರ ಹೀಗೆ ಬದಲಾಗುವುದು ಮಾಮೂಲು, ಗಾಬರಿ ಬೇಡ. ಆದರೆ ಪೆನ್‌ಡ್ರೈವ್ ಬಿಟ್ಟರೆ ಫ್ಯಾಟ್32 ಭಾಗ ಒಂದೂ ಇಲ್ಲ. ಆಗಿದ್ದು ಇಷ್ಟು: ಇನ್‌ಸ್ಟಾಲ್ ಮಾಡುವಾಗ ಹಳೆಯ ಡಿಸ್ಕಿನಲ್ಲಿ ಅದಾಗಲೇ ಒಂದು ಇಎಫ್‌ಐ ಪಾರ್ಟಿಷನ್ ಇತ್ತು. ಇನ್‌ಸ್ಟಾಲರ್ ಹೊಸದನ್ನು ಮಾಡದೆ ಬೂಟ್ ಫೈಲುಗಳನ್ನು ಅಲ್ಲೇ ಇಟ್ಟಿತು. ಮನೆ ಒಂದು ಕಡೆ, ಬೀಗದ ಕೈ ಇನ್ನೊಂದು ಕಡೆ.

ಎಸ್‌ಎಸ್‌ಡಿಯ ಆ ಭಾಗವನ್ನು 300 ಎಂಬಿ ಕುಗ್ಗಿಸಿ, ಬಿಟ್ಟ ಜಾಗದಲ್ಲಿ ಇಎಫ್‌ಐ ಪಾರ್ಟಿಷನ್ ಮಾಡಿ, ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ, ಎಸ್ ಎಂದು ಅಕ್ಷರ ಕೊಟ್ಟೆ. ಆಮೇಲೆ 'ಬಿಸಿಡಿಬೂಟ್' ಕಮಾಂಡ್‌ಗೆ ವಿಂಡೋಸ್ ಫೋಲ್ಡರ್ ಎಲ್ಲಿದೆ, ಬೂಟ್ ಫೈಲುಗಳು ಎಲ್ಲಿಗೆ ಹೋಗಬೇಕು ಎಂದು ಹೇಳಿದೆ. ಬೂಟ್ ಫೈಲುಗಳು ಯಶಸ್ವಿಯಾಗಿ ತಯಾರಾದವು ಎಂದು ಒಂದು ಸಾಲು ಬಂತು. ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದೆ. ಅವರ ಡೆಸ್ಕ್‌ಟಾಪ್ ಚಿತ್ರ ಹಾಗೇ ಬಂತು, ಒಂದು ಫೈಲೂ ಹೋಗಿರಲಿಲ್ಲ. ಅವತ್ತಿನಿಂದ ನಾನು ಇನ್‌ಸ್ಟಾಲ್ ಮಾಡುವಾಗ ಬೇಕಾದ ಡಿಸ್ಕ್ ಒಂದನ್ನು ಬಿಟ್ಟು ಉಳಿದೆಲ್ಲದರ ಕೇಬಲ್ ತೆಗೆದಿಡುತ್ತೇನೆ. ಎರಡು ನಿಮಿಷದ ಕೆಲಸ. ನೀವೂ ಮಾಡಿ.

ಇನ್ನೊಂದು ಬಗೆ ಇದೆ. ಇನ್‌ಸ್ಟಾಲರ್ ಎದ್ದಿರುತ್ತದೆ, ಡಿಸ್ಕ್ ಪಟ್ಟಿ ಮಾತ್ರ ಖಾಲಿ. ಇಂಟೆಲ್‌ನ 11ನೇ ತಲೆಮಾರಿನಿಂದ ಈಚೆಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ಸೆಟ್ಟಿಂಗ್ ಆನ್ ಇರುತ್ತದೆ. ಆಗ ಎಸ್‌ಎಸ್‌ಡಿ ಅದರ ಹಿಂದೆ ಮರೆಯಾಗಿರುತ್ತದೆ, ಡ್ರೈವರ್ ಇಲ್ಲದ ಇನ್‌ಸ್ಟಾಲರ್‌ಗೆ ಕಾಣುವುದಿಲ್ಲ. ತಯಾರಕರ ಸೈಟ್‌ನಿಂದ ಆ ಡ್ರೈವರ್ ತೆಗೆದು ಪೆನ್‌ಡ್ರೈವ್‌ಗೆ ಹಾಕಿಕೊಂಡು, 'ಲೋಡ್ ಡ್ರೈವರ್' ಒತ್ತಿ ಕೊಟ್ಟರೆ ಡಿಸ್ಕ್ ಎದುರಿಗೆ ಬರುತ್ತದೆ. ವಿಎಂಡಿ ಆಫ್ ಮಾಡಿದರೂ ಬರುತ್ತದೆ. ಆದರೆ ಅದೇ ಡಿಸ್ಕಿನಲ್ಲಿ ವಿಂಡೋಸ್ ಇದ್ದು ಅದನ್ನು ಉಳಿಸಿಕೊಳ್ಳಬೇಕಿದ್ದರೆ ಸುಮ್ಮನೆ ಆಫ್ ಮಾಡಬೇಡಿ. ಆಗಲೇ ಹೇಳಿದ ನೀಲಿ ಪರದೆ ಬರುವುದು ಹೀಗೆಯೇ. ಬಂದರೆ ವಿಎಂಡಿ ಮತ್ತೆ ಆನ್ ಮಾಡಿ ನೋಡಿ, ಬಹುತೇಕ ಸರಿಹೋಗುತ್ತದೆ.

ಫರ್ಮ್‌ವೇರ್ ಸೆಟ್ಟಿಂಗ್ ಮುಟ್ಟುವ ಮೊದಲು ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದೆಯಾ ಎಂದೂ ನೋಡಿ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೆ ಗೊತ್ತಿಲ್ಲದೆ ಆನ್ ಆಗಿರುತ್ತದೆ. ಸೆಕ್ಯೂರ್ ಬೂಟ್ ಎಂಬ ಫರ್ಮ್‌ವೇರ್ ಸೆಟ್ಟಿಂಗ್ ಬದಲಿಸಿದರೆ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಒಳಗಿನ ಡೇಟಾ ನನ್ನ ಕೈಯಲ್ಲೂ ಬರುವುದಿಲ್ಲ, ಯಾರ ಕೈಯಲ್ಲೂ ಬರುವುದಿಲ್ಲ. ಸಾಮಾನ್ಯವಾಗಿ ಆ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತದೆ. ಮೊದಲೇ ಬರೆದಿಟ್ಟುಕೊಳ್ಳಿ.

ಪೆನ್‌ಡ್ರೈವೇ ಎದ್ದೇಳದಿದ್ದರೆ ಡೌನ್‌ಲೋಡ್ ಮಾಡಿದ ಫೈಲಿನ ಎಸ್‌ಎಚ್‌ಎ-256 ಲೆಕ್ಕ (ಫೈಲು ಕೆಡದೆ ಬಂದಿದೆಯಾ ಎಂದು ತೋರಿಸುವ ಗುರುತು) ಡೌನ್‌ಲೋಡ್ ಸೈಟ್‌ನಲ್ಲಿ ಕೊಟ್ಟಿರುವುದರ ಜೊತೆ ತಾಳೆ ನೋಡಿ. ಫೈಲನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಸಾಲದು, ರೂಫಸ್‌ನಂಥ ಟೂಲ್‌ನಿಂದ ಬರೆಯಬೇಕು. ಫ್ಯಾಟ್32ರಲ್ಲಿ 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಫೈಲು ಹಿಡಿಸುವುದಿಲ್ಲ, ವಿಂಡೋಸ್ ಇನ್‌ಸ್ಟಾಲ್ ಫೈಲು ಕೆಲವೊಮ್ಮೆ ಅದನ್ನು ಮೀರುತ್ತದೆ. ರೀಸ್ಟಾರ್ಟ್ ಆದಾಗ ಮತ್ತೆ ಇನ್‌ಸ್ಟಾಲ್‌ನ ಮೊದಲ ಹಂತಕ್ಕೇ ಬಂದರೆ ಪೆನ್‌ಡ್ರೈವ್ ತೆಗೆದಿಲ್ಲ, ಅಷ್ಟೇ. ಲಿನಕ್ಸ್ ಎದ್ದು ಪರದೆ ಕಪ್ಪಾದರೆ ಅದು ಹೆಚ್ಚಾಗಿ ಗ್ರಾಫಿಕ್ಸ್ ಡ್ರೈವರ್ ತೊಂದರೆ. ಗ್ರಬ್ ಮೆನುವಿನಲ್ಲಿ ಇ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಸೇರಿಸಿ ಎಫ್10 ಒತ್ತಿ ನೋಡಿ.

ಎಲ್ಲ ಸರಿ ಮಾಡಿದರೂ ಹಳೆಯ ಡೆಸ್ಕ್‌ಟಾಪ್ ಪ್ಲಗ್ ತೆಗೆದಾಗಲೆಲ್ಲ ಬೂಟ್ ಕ್ರಮ (ಯಾವ ಡಿಸ್ಕನ್ನು ಮೊದಲು ನೋಡಬೇಕು ಎಂಬುದು) ಮರೆಯುತ್ತಿದ್ದರೆ ಗಡಿಯಾರ ನೋಡಿ. ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ. ಹೆಚ್ಚಾಗಿ ಅದು ಸಿಆರ್2032, 3 ವೋಲ್ಟಿನದು. ಹೊಸದು ಹಾಕಿ, ದಿನಾಂಕ ಮತ್ತು ಬೂಟ್ ಕ್ರಮ ಸರಿಪಡಿಸಿ, ಸೇವ್ ಮಾಡಿ ಹೊರಗೆ ಬನ್ನಿ.