ತಿರುಗಬೇಕಾದದ್ದು ತೊಡೆ, ಪಾದವಲ್ಲ

ಕಳೆದ ತಿಂಗಳು ತರಗತಿ ಮುಗಿದ ಮೇಲೆ ಒಬ್ಬ ತಂದೆ ಮೊಬೈಲ್ ಹಿಡಿದುಕೊಂಡು ಬಂದು ಹೆಮ್ಮೆಯಿಂದ ಒಂದು ವಿಡಿಯೊ ತೋರಿಸಿದರು. ಒಂಬತ್ತು ವರ್ಷದ ಮಗಳು ಚಾಪೆಯ ಮೇಲೆ ಬೋರಲು ಮಲಗಿ, ಮಂಡಿಗಳನ್ನು ಕಪ್ಪೆಯಂತೆ ಅಗಲಿಸಿದ್ದಾಳೆ. ಸೊಂಟ ನೆಲಕ್ಕೆ ತಾಗಲಿ ಎಂದು ಇವರು ಎರಡೂ ಅಂಗೈ ಊರಿ ಒತ್ತುತ್ತಿದ್ದಾರೆ. “ದಿನವೂ ಹತ್ತು ನಿಮಿಷ ಮಾಡಿಸುತ್ತೇನೆ ಮೇಡಂ. ಯುಗಾದಿಯ ಹೊತ್ತಿಗೆ ಎರಡು ಪಾದವೂ ಒಂದೇ ಗೆರೆಗೆ ಬಂದುಬಿಡುತ್ತವೆ ಅಲ್ಲವೇ?”

ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಕಚೇರಿಯಿಂದ ಬಂದು, ಬಟ್ಟೆಯನ್ನೂ ಬದಲಿಸದೆ ಮಗಳ ಪಕ್ಕ ಕೂರುವ ಅಪ್ಪಂದಿರು ಎಷ್ಟು ಜನ ಸಿಗುತ್ತಾರೆ? ಆದರೆ ಇಪ್ಪತ್ತು ವರ್ಷಗಳಿಂದ ಬ್ಯಾಲೆ ಕಲಿಸುತ್ತಿರುವ ನನಗೆ ತಲೆ ಕೆಡಿಸುವ ವಿಷಯ ಇದೊಂದೇ. ಬೆನ್ನು, ಭುಜ, ಕೈಗಳ ಬಗ್ಗೆ ಯಾರೂ ಕೇಳುವುದಿಲ್ಲ. ಎಲ್ಲರಿಗೂ ಬೇಕಾದದ್ದು ಫಸ್ಟ್ ಪೊಸಿಷನ್‌ನಲ್ಲಿ, ಅಂದರೆ ಹಿಮ್ಮಡಿ ಜೋಡಿಸಿ ಬೆರಳುಗಳನ್ನು ಹೊರಕ್ಕೆ ತೆರೆದು ನಿಲ್ಲುವ ನಿಲುವಿನಲ್ಲಿ, 180 ಡಿಗ್ರಿ.

ಸೊಂಟದ ಕೀಲನ್ನು ನಾನು ಮಕ್ಕಳಿಗೆ ಒರಳು ಮತ್ತು ಗುಂಡಿನ ಲೆಕ್ಕದಲ್ಲಿ ಹೇಳುತ್ತೇನೆ. ಒರಳು ನೋಡದ ಮಕ್ಕಳೂ ಇದ್ದಾರೆ. ಅವರಿಗೆ ವೆಟ್ ಗ್ರೈಂಡರ್ ಎನ್ನಬೇಕಾಗುತ್ತದೆ, ಹೋಲಿಕೆ ಅರ್ಧ ಕೆಡುತ್ತದೆ. ತೊಡೆಮೂಳೆಯ ತಲೆ ಗುಂಡು, ಅದು ಕೂರುವ ಗುಳಿ ಒರಳು. ಗುಂಡು ಒರಳಿನೊಳಗೆ ಹೊರಮುಖವಾಗಿ ತಿರುಗಿದಾಗ ತೊಡೆ ತಿರುಗುತ್ತದೆ, ತೊಡೆಯ ಹಿಂದೆಯೇ ಮಂಡಿ, ಮಂಡಿಯ ಹಿಂದೆಯೇ ಪಾದ. ಇದೇ ಟರ್ನ್‌ಔಟ್. ಒರಳು ಎಷ್ಟು ಆಳ, ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದು ಹುಟ್ಟಿನಿಂದ ಬಂದದ್ದು. ತೊಡೆಮೂಳೆಯ ಕತ್ತು ಹಸುಳೆಯಲ್ಲಿ ಸುಮಾರು 30ರಿಂದ 40 ಡಿಗ್ರಿ ಮುಂದಕ್ಕೆ ತಿರುಚಿಕೊಂಡಿರುತ್ತದೆ. ಬೆಳೆಯುತ್ತ ಸುಮಾರು 15ಕ್ಕೆ ಇಳಿಯುತ್ತದೆ. ಕೆಲವರಲ್ಲಿ ಅಷ್ಟು ಇಳಿಯುವುದಿಲ್ಲ. ಅಂಥವರಿಗೆ ಟರ್ನ್‌ಔಟ್ ಸಹಜವಾಗಿಯೇ ಕಡಿಮೆ. ಅದನ್ನು ಚಾಪೆಯ ಮೇಲೆ ಒತ್ತಿ ಸರಿಪಡಿಸಲು ಮೂಳೆ ಚಪಾತಿ ಹಿಟ್ಟಲ್ಲ.

ಹಾಗಾದರೆ ಪಾದಗಳು ಹೇಗೋ ಗೆರೆಗೆ ಬಂದು ನಿಲ್ಲುತ್ತವಲ್ಲ, ಅದು ಹೇಗೆ? ಕಳ್ಳದಾರಿ ಎರಡಿವೆ. ಮಂಡಿ ನೆಟ್ಟಗಿದ್ದಾಗ ಮೊಣಕಾಲ ಕೆಳಗಿನ ಮೂಳೆ ಬಹುಮಟ್ಟಿಗೆ ಬೀಗ ಹಾಕಿದಂತೆ ಇರುತ್ತದೆ, ತಿರುಗುವುದಿಲ್ಲ. ಮಡಿಸಿದರೆ ಬೀಗ ಸಡಿಲವಾಗುತ್ತದೆ. ಮಕ್ಕಳು ಇದನ್ನು ಯಾರೂ ಹೇಳಿಕೊಡದೆ ಕಂಡುಕೊಳ್ಳುತ್ತಾರೆ. ಮಂಡಿ ಮಡಿಸಿ, ಪಾದಗಳನ್ನು ಆಚೀಚೆ ಊರಿ, ಆಮೇಲೆ ಮೇಲೇಳುತ್ತಾರೆ. ನೆಲ ಪಾದವನ್ನು ಬಿಡುವುದಿಲ್ಲ, ತೊಡೆ ಅಷ್ಟು ತಿರುಗಿಲ್ಲ. ನಡುವೆ ಸಿಕ್ಕ ಮಂಡಿ ಒದ್ದೆ ಬಟ್ಟೆಯಂತೆ ಹಿಂಡಿಸಿಕೊಳ್ಳುತ್ತದೆ. ಒಳಬದಿಯ ಅಸ್ಥಿರಜ್ಜು (ಮೂಳೆಗಳನ್ನು ಜೋಡಿಸುವ ನಾರಿನ ಪಟ್ಟಿ) ಎಳೆಯುತ್ತದೆ, ಅಂಗಾಲಿನ ಕಮಾನು ಕುಸಿಯುತ್ತದೆ, ಭಾರವೆಲ್ಲ ಹೆಬ್ಬೆರಳಿನ ಬುಡಕ್ಕೆ ಬೀಳುತ್ತದೆ.

ಎರಡನೆಯದು ಇನ್ನೂ ಜಾಣತನದ್ದು. ಸೊಂಟದ ಕೀಲಿನ ಮುಂಭಾಗದಲ್ಲಿ ಗಟ್ಟಿಯಾದ ಒಂದು ಅಸ್ಥಿರಜ್ಜು ಇದೆ. ಕಿಬ್ಬೊಟ್ಟೆ ಮುಂದಕ್ಕೆ ಚೆಲ್ಲಿ, ನಡು ಬಾಗಿಸಿ ನಿಂತರೆ ಅದು ಸಡಿಲವಾಗಿ ಕಾಲು ಇನ್ನೂ ಒಂದಿಷ್ಟು ತಿರುಗಿಕೊಡುತ್ತದೆ. ಬೆನ್ನು ನೆಟ್ಟಗೆ ಮಾಡಿದ ಕೂಡಲೇ ಸಿಕ್ಕಿದ್ದೆಲ್ಲ ವಾಪಸ್. ಆದ್ದರಿಂದ ನಾನು ಮಗುವಿನ ನಿಲುವು ತಿದ್ದುವಾಗ ಪಾದ ಒಳಕ್ಕೆ ಬರುತ್ತದೆ, ಹೊರಗೆ ಬೆಂಚಿನ ಮೇಲೆ ಕುಳಿತ ತಾಯಿಗೆ ಟೀಚರ್ ಕೆಡಿಸಿದರು ಎನಿಸುತ್ತದೆ.

ಇನ್ನೊಮ್ಮೆ ಹೇಳುತ್ತೇನೆ, ಬೇಸರವಾದರೂ ಸರಿ. ಪಾದದ ಕೋನ ಫಲಿತಾಂಶ. ಕೆಲಸ ನಡೆಯಬೇಕಾದದ್ದು ಪಿರ್ರೆಯ ಆಳದಲ್ಲಿರುವ ಆರು ಸಣ್ಣ ಸ್ನಾಯುಗಳಲ್ಲಿ. ಅವನ್ನು ಬಲಪಡಿಸಬಹುದು, ಇರುವ ತಿರುವನ್ನು ಪೂರ್ತಿ ಬಳಸುವುದನ್ನು ಕಲಿಸಬಹುದು. ಇಲ್ಲದ್ದನ್ನು ತರಲಾಗುವುದಿಲ್ಲ. ಅಷ್ಟಕ್ಕೂ 1661ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ಪ್ಯಾರಿಸ್‌ನಲ್ಲಿ ನೃತ್ಯ ಅಕಾಡೆಮಿ ತೆರೆದ ಕಾಲಕ್ಕೆ ಆಸ್ಥಾನದ ನರ್ತಕರು ಪಾದ ತೆರೆಯುತ್ತಿದ್ದದ್ದು ಹೆಚ್ಚುಕಡಿಮೆ 90 ಡಿಗ್ರಿ. ಬ್ಯಾಲೆಯ ಐದು ಪೊಸಿಷನ್‌ಗಳನ್ನು ಕ್ರಮಪಡಿಸಿದರೆಂದು ನಾವು ನೆನೆಯುವ, ಆ ಆಸ್ಥಾನದ ನೃತ್ಯಗುರು ಪಿಯೆರ್ ಬೋಶಾಂ ಅವರ ಮುಂದೆ ನಮ್ಮ ಮಕ್ಕಳು ಸಲೀಸಾಗಿ ಪಾಸಾಗುತ್ತಿದ್ದರು.

ಭರತನಾಟ್ಯ ಕಲಿತು ಬರುವವರಲ್ಲೂ ಇದನ್ನು ಕಾಣುತ್ತೇನೆ. ನಾನು ಆ ಕಲೆಯ ಗುರುವಲ್ಲ, ಬಾಲ್ಯದಲ್ಲಿ ನಾಲ್ಕು ವರ್ಷ ಕಲಿತವಳಷ್ಟೇ. ಆದರೂ ಮಂಡಿ ಮಡಿಸಿ ಅರ್ಧ ಕೂತಂತೆ ನಿಲ್ಲುವ ಅರಮಂಡಿಯಲ್ಲಿ ಪಾದ ಪಕ್ಕಕ್ಕೂ ಮಂಡಿ ಮುಂದಕ್ಕೂ ನೋಡುತ್ತಿದ್ದರೆ, ಅದರ ಮೇಲೆ ನೆಲಕ್ಕೆ ಪಾದ ತಟ್ಟುವ ತಟ್ಟಡವು ಬಾರಿಸಿದರೆ, ಏನಾಗಬಹುದೆಂದು ಹೇಳಲು ಗುರುವಾಗಬೇಕಿಲ್ಲ.

ಕಳೆದ ವರ್ಷ ಹಾಗೆ ಬಂದ ಹದಿಮೂರರ ಹುಡುಗಿಯೊಬ್ಬಳಿಗೆ ಮೆಟ್ಟಿಲಿಳಿಯುವಾಗ ಮಂಡಿ ನೋವು. ಮೊದಲು ಮೂಳೆ ವೈದ್ಯರಿಗೆ ತೋರಿಸಿ ಬರಲು ಹೇಳಿದೆ. ನೋವಿದ್ದಾಗ ನೃತ್ಯ ಶಿಕ್ಷಕರು ವೈದ್ಯರಾಗಬಾರದು. ಗಂಭೀರವಾದದ್ದೇನಿಲ್ಲ, ಕ್ರಮೇಣ ಶುರುಮಾಡಬಹುದು ಎಂದರಂತೆ. ನಮ್ಮ ತರಗತಿ ನಡೆಯುವುದು ಹಳೆಯ ಮನೆಯೊಂದರ ಮಹಡಿಯಲ್ಲಿ. ಬಾರ್, ಅಂದರೆ ಹಿಡಿದು ಅಭ್ಯಾಸ ಮಾಡುವ ಅಡ್ಡಕೋಲು, ಇರುವ ಕಡೆ ಕಾಲು ಜಾರದ ವಿನೈಲ್ ಹಾಸು, ಪಡಸಾಲೆಯಲ್ಲಿ ಮಾತ್ರ ನುಣುಪಾದ ರೆಡ್ ಆಕ್ಸೈಡ್ ನೆಲ. ಕಾಲುಚೀಲ ಹಾಕಿಸಿ, ಕುರ್ಚಿ ಹಿಡಿದು ನಿಲ್ಲಲು ಹೇಳಿದೆ. ಪಾದ ಜೋಡಿಸಿ, ಮಂಡಿ ನೆಟ್ಟಗೆ, ಭಾರ ಹಿಮ್ಮಡಿಗೆ, ಬೆರಳುಗಳು ಕೊಂಚ ಮೇಲೆ. ಈಗ ತೊಡೆಯಿಂದ ತಿರುಗಿಸು, ಇಳಿಸು. ಅಂಟಿಕೊಳ್ಳಲು ನೆಲ ಒಪ್ಪದಿದ್ದರೆ ಮೋಸ ಮಾಡಲಾಗುವುದಿಲ್ಲ. ಚಾಕ್‌ಪೀಸಿನಿಂದ ಗುರುತು ಹಾಕಿದೆ. ವಿನೈಲ್ ಮೇಲೆ 160 ತೋರಿಸುತ್ತಿದ್ದವಳದು ಇಲ್ಲಿ 110ರ ಆಸುಪಾಸು. ಆ ಗುರುತಿನಲ್ಲೇ ಪ್ಲಿಯೆ, ಅಂದರೆ ಮಂಡಿ ಮಡಿಸಿ ಇಳಿಯುವುದನ್ನು, ಮಾಡಿಸಿದಾಗ ಮಂಡಿ ಎರಡನೆಯ ಬೆರಳಿನ ನೇರಕ್ಕೆ ಇಳಿಯಿತು. ಅವಳು ಕೆಳಗೆ ನೋಡಿ, ಮತ್ತೊಮ್ಮೆ ಮಾಡಿ ನೋಡಿದಳು.

ಮೊಬೈಲ್ ತಂದ ಆ ತಂದೆಗೂ ಮುಂದಿನ ವಾರ ಇದನ್ನೇ ತೋರಿಸಿದೆ. “ನಾನೂ ಮಾಡಲೇ?” ಎಂದು ಶೂ ಬಿಚ್ಚಿದರು. ಕುರ್ಚಿಯನ್ನು ಬಿಗಿಯಾಗಿ ಹಿಡಿದು, ಉಸಿರು ಕಟ್ಟಿ ತಿರುಗಿಸಿದರೆ ಎರಡೂ ಪಾದ ಸೇರಿ 70 ಡಿಗ್ರಿ ಆದೀತು. ಮಗಳು ಚಾಕ್‌ಪೀಸ್ ಕಸಿದುಕೊಂಡು ಅಪ್ಪನ ಕಾಲುಚೀಲದ ಸುತ್ತ ಗೆರೆ ಎಳೆದಳು, ಪಕ್ಕದಲ್ಲಿ ತನ್ನ ಪಾದವನ್ನೂ ಬರೆದಳು. ಚಾಪೆ ಸುತ್ತಿಟ್ಟಿದ್ದಾರೋ ಇಲ್ಲವೋ ನಾನಿನ್ನೂ ಕೇಳಿಲ್ಲ. ಪಡಸಾಲೆ ಒರೆಸುವ ಅಮ್ಮ ಮಾತ್ರ ಆ ಗೆರೆಗಳಿಗಾಗಿ ನನ್ನನ್ನು ಬೈದರು.