ಮಾನಿ ಧರ್ಮ: ಹೆಸರು ಎರವಲು, ಹೂರಣ ಬೇರೆ

3ನೇ ಶತಮಾನದಲ್ಲಿ ಮಾನಿ ಎಂಬಾತ ಸ್ಥಾಪಿಸಿದ ಮಾನಿ ಧರ್ಮವನ್ನು ಪ್ರಾಚೀನ ಪರ್ಷಿಯದ ಜರತುಷ್ಟ್ರ ಧರ್ಮದ ಕವಲು ಎಂದು ಬರೆಯುವುದು ಪರೀಕ್ಷೆಯಲ್ಲಿ ಪದೇ ಪದೇ ಕಾಣುವ ತಪ್ಪು. ಎರಡರಲ್ಲೂ ಬೆಳಕು-ಕತ್ತಲೆಯ ಕಾದಾಟವಿದೆ, ನಿಜ. ಆದರೆ ಜರತುಷ್ಟ್ರ ಧರ್ಮಕ್ಕೆ ಈ ಲೋಕ ಅದರ ಪರಮದೇವರು ಅಹುರ ಮಜ್ದನ ಒಳ್ಳೆಯ ಸೃಷ್ಟಿ. ಮದುವೆ, ಮಕ್ಕಳು, ಬೇಸಾಯ ಎಲ್ಲವೂ ಪುಣ್ಯ. ಮಾನಿಗೆ ಜಡವಸ್ತುವೇ ಕತ್ತಲೆ, ಅದರೊಳಗೆ ಬೆಳಕಿನ ಕಣಗಳು ಸಿಕ್ಕಿಬಿದ್ದಿವೆ. ಹಾಗೆಂದು ಲೋಕವನ್ನು ಕತ್ತಲೆ ಸೃಷ್ಟಿಸಿತು ಎಂದೂ ಬರೆಯಬೇಡಿ. ಸಿಕ್ಕಿಬಿದ್ದ ಬೆಳಕನ್ನು ಸೋಸಿ ತೆಗೆಯಲು ಬೆಳಕಿನ ಕಡೆಯವರೇ ಕಟ್ಟಿದ ಯಂತ್ರವದು. ಚಂದ್ರ ಒಂದು ದೋಣಿ: ಶುಕ್ಲಪಕ್ಷದಲ್ಲಿ ಬೆಳಕು ತುಂಬಿಕೊಳ್ಳುತ್ತಾನೆ, ಕೃಷ್ಣಪಕ್ಷದಲ್ಲಿ ಸೂರ್ಯನಿಗೆ ಸಾಗಿಸುತ್ತಾನೆ.

ಮಾನಿ ಹುಟ್ಟಿದ್ದು 216ರ ಏಪ್ರಿಲ್ 14ರಂದು, ಬ್ಯಾಬಿಲೋನಿಯದಲ್ಲಿ. ಬೆಳೆದದ್ದು ತಿನ್ನುವ ತರಕಾರಿಗೂ ಸ್ನಾನದ ಸಂಸ್ಕಾರ ಮಾಡುತ್ತಿದ್ದ ಯಹೂದಿ-ಕ್ರೈಸ್ತ ಪಂಗಡವೊಂದರಲ್ಲಿ. ಇದನ್ನು ತಿಳಿಸುವ ಗ್ರೀಕ್ ಹಸ್ತಪ್ರತಿ ಈಗ ಜರ್ಮನಿಯ ಕಲೋನ್‌ನಲ್ಲಿದೆ. ಪುಟದ ಅಳತೆ 4.5 × 3.5 ಸೆಂ.ಮೀ., ಬೆಂಕಿಪೊಟ್ಟಣದಷ್ಟು!

ಅನುಯಾಯಿಗಳಲ್ಲಿ ಎರಡು ವರ್ಗ. 'ಆಯ್ದವರು' ಬ್ರಹ್ಮಚಾರಿಗಳು. ಮಾಂಸ, ಮದ್ಯ ಮುಟ್ಟರು, ಗಿಡವನ್ನೂ ಕೀಳರು, ದಿನಕ್ಕೆ ಒಂದೇ ಊಟ. ಅವರಿಗೆ ಅಡುಗೆ ಮಾಡಿ ಬಡಿಸುವವರು 'ಕೇಳುಗರು'. ಜೈನರ 'ಶ್ರಾವಕ' ಪದಕ್ಕೂ ಅರ್ಥ ಇದೇ. ಕರಬೂಜ, ಸೌತೆಯಂಥವುಗಳಲ್ಲಿ ಬೆಳಕು ಹೆಚ್ಚು, ಆಯ್ದವರ ಹೊಟ್ಟೆಯಲ್ಲಿ ಅದು ಬಿಡುಗಡೆಯಾಗುತ್ತದೆ ಎಂಬ ನಂಬಿಕೆ. ಅಂದರೆ ಊಟವೇ ಇಲ್ಲಿ ಪೂಜೆ. ಈ ಧರ್ಮದ ತಿರುಳು ಇರುವುದು ಇಲ್ಲೇ, ಒಳಿತು-ಕೆಡುಕಿನ ಸೂತ್ರದಲ್ಲಲ್ಲ.

ಹಾಗಾದರೆ ಗೊಂದಲ ಎಲ್ಲಿಂದ? ಹೋದ ಊರಿನ ದೇವರ ಹೆಸರನ್ನೇ ತೊಡುವುದು ಈ ಧರ್ಮದ ಪ್ರಚಾರದ ರೀತಿ. ಪರ್ಷಿಯನ್ ಪಠ್ಯಗಳಲ್ಲಿ, ಕತ್ತಲೆಯೊಡನೆ ಕಾದಾಡಲು ಬೆಳಕಿನ ಕಡೆಯಿಂದ ಹೋದ 'ಆದಿಮಾನವ'ನೇ ಓಹ್ರ್ಮಜ್ದ್ (ಅಹುರ ಮಜ್ದ ಹೆಸರಿನ ಇನ್ನೊಂದು ರೂಪ), ರೋಮ್ ಸಾಮ್ರಾಜ್ಯದಲ್ಲಿ ಮಾನಿ ಯೇಸುವಿನ ಅಪೊಸ್ತಲ (ದೂತ), ಚೀನಾದಲ್ಲಿ 'ಬೆಳಕಿನ ಬುದ್ಧ'. ಪರ್ಷಿಯದ ದೊರೆ ಮೊದಲನೇ ಶಾಪೂರನ ಆಶ್ರಯವೂ ಸಿಕ್ಕಿತು. ಆದರೆ ಮುಂದಿನ ದೊರೆ ಮೊದಲನೇ ಬಹ್ರಾಮನ ಕಾಲಕ್ಕೆ, ಜರತುಷ್ಟ್ರ ಪುರೋಹಿತ ಕರ್ತೀರನ ಪ್ರಾಬಲ್ಯದಲ್ಲಿ, ಮಾನಿ ಗುಂದೇಶಾಪುರದ ಸೆರೆಯಲ್ಲಿ ಸಂಕೋಲೆಯಲ್ಲೇ ಸತ್ತ (274 ಅಥವಾ 277).

ರೋಮ್‌ನಲ್ಲಿ ಚಕ್ರವರ್ತಿ ಡಯೋಕ್ಲೀಷಿಯನ್ 302ರಲ್ಲಿ ಇವರ ಗ್ರಂಥಗಳನ್ನು ಸುಡಿಸಲು ಆಜ್ಞೆಯಿತ್ತ. ಮುಂದೆ ಕ್ರೈಸ್ತ ಸಂತನಾದ ಅಗಸ್ಟೀನ್ ಸುಮಾರು ಒಂಬತ್ತು ವರ್ಷ ಕೇಳುಗನಾಗಿದ್ದ. ರಾಜ್ಯದ ಅಧಿಕೃತ ಧರ್ಮವೆಂಬ ಪಟ್ಟ ಸಿಕ್ಕಿದ್ದು ಮಧ್ಯ ಏಷ್ಯಾದ ತುರ್ಕಿ ಜನಾಂಗವಾದ ಉಯ್ಗುರರಲ್ಲಿ, 8ನೇ ಶತಮಾನದಲ್ಲಿ. ಚೀನಾದ ಫ್ಯೂಜಿಯನ್ ಪ್ರಾಂತ್ಯದ ಚಾವೊಆನ್ ಗುಡಿಯಲ್ಲಿ 1339ರ ಮಾನಿಯ ಕಲ್ಲಿನ ಮೂರ್ತಿ ಇಂದಿಗೂ ಇದೆ. ದೂರದಿಂದ ಬುದ್ಧನೇ. ಹತ್ತಿರ ಹೋದರೆ ಗಲ್ಲದಲ್ಲಿ ಗಡ್ಡ, ಹೆಗಲ ಮೇಲೆ ಇಳಿಬಿದ್ದ ನೇರ ಕೂದಲು.